ಹಳೆ ಬಲೆನೊ 1.6ಗೆ ಸೂಪರ್‌ಚಾರ್ಜರ್ ಹಾಕಬೇಕು: ಯಾವುದು ಸರಿ? ಪುಣೆ, ಮುಂಬೈ, ಗೋವಾದವರು ಹೇಳಿ

ಪಿಂಪ್ರಿ_ಬಲೆನೊ

ಎಲ್ಲರಿಗೂ ನಮಸ್ಕಾರ. ನಮ್ಮೂರು ಧಾರವಾಡ. ಹದಿನಾಲ್ಕು ವರ್ಷದಿಂದ ಪಿಂಪ್ರಿಯಲ್ಲಿ ಇದ್ದೇನೆ. ನನ್ನ ಹತ್ತಿರ ಹಳೆ ಬಲೆನೊ ಸೆಡಾನ್ ಇದೆ. ಈಗ ರಸ್ತೆಯಲ್ಲಿ ಕಾಣುವ ಹ್ಯಾಚ್‌ಬ್ಯಾಕ್ ಅಲ್ಲ, ಅದಕ್ಕಿಂತ ಮೊದಲಿನದು. ಜಿ16ಬಿ ಇಂಜಿನ್, 1590 ಸಿಸಿ, ಕಂಪನಿ ಹೇಳುವ ಪವರ್ 94 ಬಿಎಚ್‌ಪಿ. ಅಪ್ಪ ಇಷ್ಟಪಟ್ಟು ಕೊಂಡಿದ್ದ ಗಾಡಿ. ಮಾರುವ ಮನಸ್ಸು ಬರಲಿಲ್ಲ.

ಈಗ ಇಂಜಿನ್ ಬಿಚ್ಚಿದೆ. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುತ್ತಿದ್ದೇನೆ. ಹೆಡ್ ಫೇಸಿಂಗ್ ಆಗಿದೆ. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಪಟ್ಟು ಅದುಮಿಕೊಳ್ಳುತ್ತದೆ ಅನ್ನುವುದು) 9.5ರ ಹತ್ತಿರ ಉಳಿಯುತ್ತದೆ. ಇಷ್ಟೆಲ್ಲ ಮಾಡುವಾಗ, ಇಂಜಿನ್ ಬೆಲ್ಟಿನಿಂದ ತಿರುಗಿ ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬುವ ಸೂಪರ್‌ಚಾರ್ಜರ್ ಕೂಡ ಹಾಕಿಬಿಡೋಣ ಅನ್ನಿಸಿದೆ. ಗಾಡಿ ಇನ್ನು ಮುಂದೆ ಟ್ರ್ಯಾಕ್ ಡೇಗೆ ಮತ್ತು ಆಂಬಿ ವ್ಯಾಲಿ ರನ್‌ವೇಯಲ್ಲಿ ನಡೆಯುವ ಡ್ರ್ಯಾಗ್ ಓಟಕ್ಕೆ ಮಾತ್ರ. ಆಫೀಸಿಗೆ ಬೇರೆ ಗಾಡಿ ಇದೆ.

ಕಿವಿಗೆ ಬಿದ್ದ ಹೆಸರು ಮೂರು. ಜಪಾನಿನ ಪುಟ್ಟ ಕಾರುಗಳ ಎಎಂಆರ್500, ಈಟನ್ ಎಂ45, ಮತ್ತೆ ಡೆನ್ಮಾರ್ಕಿನ ರೋಟ್ರೆಕ್ಸ್. ಮೊದಲೆರಡು ಹಳೇ ಮಾಲು. ಮೂರನೆಯದನ್ನು ಹೊಸದಾಗಿ ತರಿಸಬೇಕು. ಯಾವುದನ್ನು ಹಾಕಲಿ? ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಯಾಕೆ ಬೇಡ ಅಂತ ಕೇಳುವವರಿಗೆ ಮೊದಲೇ ಹೇಳುತ್ತೇನೆ: ಕಾಲು ಒತ್ತಿದ ತಕ್ಷಣ ಗಾಡಿ ಎಳೆಯಬೇಕು. ನನಗೆ ಬೇಕಾದದ್ದು ಅದೇ.

ಕುರ್ಲಾ_ಸ್ಪೇರ್

ಎಂ45 ಸಿಗುತ್ತದೆ ಅಣ್ಣಾ. ಹಳೆ ಮರ್ಸಿಡಿಸ್ ಸಿ-ಕ್ಲಾಸಿನ ಹಿಂದೆ ಕಾಂಪ್ರೆಸರ್ ಅಂತ ಬರೆದಿರುತ್ತದಲ್ವಾ, ಆ 1.8 ಲೀಟರ್ ಇಂಜಿನ್ನಿನ ಬ್ಲೋವರ್, ಅಂದರೆ ಸೂಪರ್‌ಚಾರ್ಜರ್, ಅದೇ. ಆ ಗಾಡಿಗಳು ನಿಮ್ಮ ಕಡೆಯೇ ತಯಾರಾದವು, ಮೊದಲು ಪಿಂಪ್ರಿಯಲ್ಲಿ, ಆಮೇಲೆ ಚಾಕಣದಲ್ಲಿ. ಗುಜರಿಗೆ ಬಂದಾಗ ಬ್ಲೋವರ್ ಬೇರೆ ಮಾಡಿ ಇಡುತ್ತಾರೆ. ಸಿಎಸ್‌ಟಿ ರೋಡಿನಲ್ಲಿ ಎರಡು ಸಲ ನೋಡಿದ್ದೇನೆ.

ಮಿನಿ ಕೂಪರ್ ಎಸ್‌ನ ಹಳೆ ಮಾಡೆಲ್‌ನಲ್ಲೂ ಎಂ45 ಇದೆ. ಅದನ್ನು ಕೊಳ್ಳುವಾಗ ಹುಷಾರು. ಮಿನಿಯಲ್ಲಿ ವಾಟರ್ ಪಂಪ್ ತಿರುಗುವುದು ಬ್ಲೋವರ್ ಹಿಂಭಾಗದ ಗೇರಿನಿಂದ. ಆ ಗೇರಿನ ಎಣ್ಣೆ ಒಣಗಿ ಹಲ್ಲು ಸವೆದ ಪೀಸ್‌ಗಳು ತುಂಬಾ ಬರುತ್ತವೆ. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಚೆಂಬೂರ್_ಇಂಜಿನ್

ಮಾರಾಯ್ರೆ, ಹೆಸರುಗಳನ್ನು ಸ್ವಲ್ಪ ಬದಿಗಿಡಿ. ಮೊದಲು ನಿಮ್ಮ ಇಂಜಿನ್ ಒಂದು ಸುತ್ತಿಗೆ ಎಷ್ಟು ಗಾಳಿ ಕುಡಿಯುತ್ತದೆ ಅಂತ ಲೆಕ್ಕ ಹಾಕೋಣ. ನಾನು ಮೂವತ್ತು ವರ್ಷ ಮರೈನ್ ಇಂಜಿನ್ ಕೆಲಸ ಮಾಡಿದವನು. ದೊಡ್ಡದಿರಲಿ ಚಿಕ್ಕದಿರಲಿ, ಗಾಳಿಯ ಲೆಕ್ಕ ಒಂದೇ.

ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಹೊಟ್ಟೆ ತುಂಬಿಕೊಳ್ಳುತ್ತದೆ. ಅಂದರೆ ಒಂದು ಸುತ್ತಿಗೆ 795 ಸಿಸಿ. ಪೂರ್ತಿ ತುಂಬುವುದಿಲ್ಲ, ನೂರಕ್ಕೆ ತೊಂಬತ್ತು ಅಂತ ಇಟ್ಟುಕೊಳ್ಳಿ. ಸುಮಾರು 715 ಸಿಸಿ ಆಯಿತು.

ಈಗ ಬ್ಲೋವರ್ ಕಡೆ ಬನ್ನಿ. ಈಟನ್ ಎಂ ಸರಣಿಯ ಹೆಸರಿನಲ್ಲಿರುವ ಸಂಖ್ಯೆ ಸುಮ್ನೆ ಇಟ್ಟದ್ದಲ್ಲ. ಒಂದು ಸುತ್ತಿಗೆ ಎಷ್ಟು ಕ್ಯೂಬಿಕ್ ಇಂಚು ಗಾಳಿ ಸಾಗಿಸುತ್ತದೆ ಅನ್ನುವುದು ಅದು. ಎಂ45 ಅಂದರೆ 45 ಕ್ಯೂಬಿಕ್ ಇಂಚು, ನಮ್ಮ ಲೆಕ್ಕದಲ್ಲಿ 737 ಸಿಸಿ. ಎಂ62 ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ಎಎಂಆರ್500 ಹೆಸರಿನಂತೆಯೇ 500 ಸಿಸಿ.

ಎಂ45 ಅನ್ನು ಕ್ರ್ಯಾಂಕಿನ 1.5 ಪಟ್ಟು ವೇಗದಲ್ಲಿ ತಿರುಗಿಸಿದರೆ ಇಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ 1105 ಸಿಸಿ. ರೋಟರ್ ಸಂದಿಯಲ್ಲಿ ಹಿಂದಕ್ಕೆ ಸೋರುವುದನ್ನು ಕಳೆದರೆ 970ರ ಹತ್ತಿರ. ಇಂಜಿನ್ ಕುಡಿಯುವುದು 715, ಬ್ಲೋವರ್ ತುಂಬುವುದು 970. ಅಂದರೆ 1.36 ಪಟ್ಟು ಗಾಳಿ. ಇಂಟರ್‌ಕೂಲರ್ (ಗಾಳಿ ತಣಿಸುವ ರೇಡಿಯೇಟರ್) ದಾಟಿದ ಮೇಲೂ ಆ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಹಾಗಾಗಿ ಮೀಟರಿನಲ್ಲಿ ಒತ್ತಡ ಇನ್ನೂ ಸ್ವಲ್ಪ ಮೇಲೆ ಕಾಣುತ್ತದೆ. ಸಮುದ್ರ ಮಟ್ಟದಲ್ಲಿ ಸುಮಾರು 0.45 ಬಾರ್, ಅಂದರೆ 6.5 ಪಿಎಸ್‌ಐ.

ಪವರ್ ಎಷ್ಟು ಬಂದೀತು? 94ರ 1.36 ಪಟ್ಟು 128. ಅದರಲ್ಲಿ ಬ್ಲೋವರ್ ತಿರುಗಿಸಲಿಕ್ಕೇ ಸುಮಾರು 9 ಹೋಗುತ್ತದೆ. ಕೈಗೆ 120ರ ಹತ್ತಿರ. ಇಂಟರ್‌ನೆಟ್‌ನಲ್ಲಿ ಇದೇ ಸೈಜಿನ ಇಂಜಿನ್ನಿಗೆ 200 ಅಂತ ಬರೆದದ್ದನ್ನು ನೋಡಿ ಆಸೆ ಪಡಬೇಡಿ. ನಿಮ್ಮ ಕಂಪ್ರೆಷನ್‌ಗೆ, ನಮ್ಮ ಪೆಟ್ರೋಲಿಗೆ, ಇಲ್ಲಿಯ ಸೆಕೆಗೆ 120 ಒಳ್ಳೆಯ ಗುರಿ. ಇಂಜಿನ್ ಉಳಿಯುತ್ತದೆ.

ಎಎಂಆರ್500ರಲ್ಲಿ ಇದೇ ಗಾಳಿ ಬೇಕಾದರೆ ಅದನ್ನು ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಓಡಿಸಬೇಕು. 6500 ಆರ್‌ಪಿಎಂನಲ್ಲಿ ಅದು 13,000 ದಾಟುತ್ತದೆ. ಚಿಕ್ಕ ಬ್ಲೋವರನ್ನು ಅಷ್ಟು ಓಡಿಸಿದರೆ ಅದು ಗಾಳಿ ತುಂಬುವುದಕ್ಕಿಂತ ಗಾಳಿ ಕಾಯಿಸುವ ಕೆಲಸವೇ ಹೆಚ್ಚು. 1 ಲೀಟರ್ ಇಂಜಿನ್ನಿಗೆ ಅದು ಚಂದ. ನಿಮಗೆ ಸಾಲದು. ಎಂ45 ನಿಮ್ಮಲ್ಲಿ ಆರಾಮಾಗಿ ತಿರುಗುತ್ತದೆ. ಮಿನಿಯಲ್ಲಿ ಅದೇ ಬ್ಲೋವರ್ ಕ್ರ್ಯಾಂಕಿನ ಎರಡು ಪಟ್ಟು ವೇಗದಲ್ಲಿ ಓಡುತ್ತದೆ.

ಠಾಣೆ_ಟ್ಯೂನ್

ಲೆಕ್ಕ ಸರಿ ಇದೆ ಸರ್. ಆದರೂ ನಾನು ರೋಟ್ರೆಕ್ಸ್ ಕಡೆಗೇ. ಕಾರಣ ಒಂದೇ, ಬಿಸಿ.

ಎಂ45 ಸೇರಿರುವ ರೂಟ್ಸ್ ಜಾತಿಯ ಬ್ಲೋವರ್ ಗಾಳಿಯನ್ನು ತನ್ನೊಳಗೆ ಅದುಮುವುದಿಲ್ಲ. ಬೊಗಸೆಯಲ್ಲಿ ಹಿಡಿದು ಆಚೆ ಹಾಕುತ್ತದೆ, ಅಷ್ಟೆ. ಬಾಯಿ ತೆರೆದಾಗ ಆಚೆಯ ಒತ್ತಡದ ಗಾಳಿ ಒಳಗೆ ನುಗ್ಗಿ ಬಂದು ಇದನ್ನು ಅದುಮುತ್ತದೆ. ಆ ಜಗಳದಲ್ಲಿ ಕೆಲಸ ಪೋಲಾಗಿ ಬಿಸಿಯಾಗುತ್ತದೆ. ಎಂ45 ತರಹದ ಹಳೆ ಮೂರು ಲೋಬ್ ರೋಟರಿಗೆ ದಕ್ಷತೆ ನೂರಕ್ಕೆ 55 ಅಂತ ಹಿಡಿಯಿರಿ. ರೋಟ್ರೆಕ್ಸ್ ತರಹದ ಒಳ್ಳೆ ಸೆಂಟ್ರಿಫ್ಯೂಗಲ್ (ವೇಗವಾಗಿ ತಿರುಗುವ ಚಕ್ರದಿಂದ ಗಾಳಿ ಎಸೆಯುವುದು) 75ರ ಹತ್ತಿರ ಹೋಗುತ್ತದೆ.

ಏಪ್ರಿಲ್‌ನಲ್ಲಿ ಒಳಗೆ ಹೋಗುವ ಗಾಳಿ 35 ಡಿಗ್ರಿ ಇದೆ ಅನ್ನಿ. ಒತ್ತಡ ಒಂದೂವರೆ ಪಟ್ಟು ಮಾಡಿದರೆ, ಏನೂ ಪೋಲಾಗದಿದ್ದರೂ 38 ಡಿಗ್ರಿ ಏರಲೇಬೇಕು. ಅದು ಪ್ರಕೃತಿ ನಿಯಮ. 75ರ ದಕ್ಷತೆಯಲ್ಲಿ 50 ಡಿಗ್ರಿ ಏರಿ 85 ಆಗುತ್ತದೆ. 55ರಲ್ಲಿ 69 ಡಿಗ್ರಿ ಏರಿ 104 ಆಗುತ್ತದೆ. ನೀರು ಕುದಿಯುವುದಕ್ಕಿಂತ ಜಾಸ್ತಿ! ಆ ಗಾಳಿಯನ್ನು 9.5 ಕಂಪ್ರೆಷನ್ನಿನ ಸಿಲಿಂಡರಿಗೆ ತುಂಬಿ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಆಗಬಾರದು ಅಂದರೆ ಹೇಗೆ?

ಡ್ರ್ಯಾಗ್ ಓಟದಲ್ಲಿ ಇಂಜಿನ್ ಹೇಗೂ 4500ರ ಮೇಲೆಯೇ ಇರುತ್ತದೆ. ಕೆಳಗಿನ ಪಿಕಪ್ ಯಾರಿಗೆ ಬೇಕು?

ಹಡಪ್ಸರ್_ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆನ್‌ಲೈನ್‌ನಲ್ಲಿ 12 ವೋಲ್ಟಿನ ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಅಂತ ಸಿಗುತ್ತದೆ. ಏರ್ ಫಿಲ್ಟರ್ ಪೈಪಿಗೆ ಕೂರಿಸುವುದು. ಬೆಲ್ಟ್ ಬೇಡ, ಬ್ರ್ಯಾಕೆಟ್ ಬೇಡ. ಅದು ಆಗುವುದಿಲ್ಲವೇ?

ಚೆಂಬೂರ್_ಇಂಜಿನ್

ತಮ್ಮಾ, ಒಳ್ಳೆ ಪ್ರಶ್ನೆ. ಮೇಲೆ 9 ಅಶ್ವಶಕ್ತಿ ಅಂದೆನಲ್ಲ, ಅದು ಸುಮಾರು 6.7 ಕಿಲೋವ್ಯಾಟ್. 12 ವೋಲ್ಟಿನಲ್ಲಿ ಅಷ್ಟು ಬೇಕಾದರೆ 550 ಆಂಪಿಯರಿಗಿಂತ ಜಾಸ್ತಿ ಕರೆಂಟ್. ಹಳೆ ಸಣ್ಣ ಕಾರಿನ ಆಲ್ಟರ್ನೇಟರ್ ನೂರು ಆಂಪಿಯರ್ ಕೂಡ ಕೊಡುವುದಿಲ್ಲ. ಎಲೆಕ್ಟ್ರಿಕ್ ಕಂಪ್ರೆಸರ್ ನಿಜವಾಗಿಯೂ ಇದೆ. ಆಡಿ ಎಸ್‌ಕ್ಯೂ7 ಡೀಸೆಲ್‌ನಲ್ಲಿ 2016ರಲ್ಲೇ ಬಂತು. ಅದಕ್ಕೆ 7 ಕಿಲೋವ್ಯಾಟ್ ಬೇಕು, ಹಾಗಾಗಿ ಗಾಡಿಯಲ್ಲಿ 48 ವೋಲ್ಟಿನ ಬೇರೆ ವ್ಯವಸ್ಥೆಯನ್ನೇ ಇಟ್ಟರು. ನೀವು ನೋಡಿದ್ದು ಪ್ಲಾಸ್ಟಿಕ್ ಫ್ಯಾನ್. ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ, ಅಷ್ಟೇ. ದುಡ್ಡು ಉಳಿಸಿಕೊಳ್ಳಿ.

ಇನ್ನು ಠಾಣೆಯವರ ಮಾತು. ಬಿಸಿಯ ಲೆಕ್ಕ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ 4500ರ ಮೇಲೆಯೇ ಇರುತ್ತದೆ ಅನ್ನುವುದನ್ನು ಒಪ್ಪಲಾರೆ. ಪಿಂಪ್ರಿಯವರೇ, ನಿಮ್ಮ ಗಾಡಿಯಲ್ಲಿ ಮೊದಲನೇ ಗೇರ್ ಪೂರ್ತಿ ಎಳೆದು ಎರಡನೇದಕ್ಕೆ ಹಾಕಿದಾಗ ಆರ್‌ಪಿಎಂ ಎಲ್ಲಿಗೆ ಬೀಳುತ್ತದೆ?

ಪಿಂಪ್ರಿ_ಬಲೆನೊ

ಇಂಜಿನ್ ಬಿಚ್ಚುವ ಮುಂಚೆ ತೆಗೆದ ವಿಡಿಯೊ ಇದೆ ಸರ್. 6300ಕ್ಕೆ ಗೇರ್ ಬದಲಿಸಿದ್ದೆ. ಎರಡನೇದರಲ್ಲಿ 3500. ಎರಡರಿಂದ ಮೂರಕ್ಕೆ ಹಾಕಿದಾಗ 4250ರ ಹತ್ತಿರ.

ಚೆಂಬೂರ್_ಇಂಜಿನ್

ಅಲ್ಲೇ ಇದೆ ಉತ್ತರ. ಸೆಂಟ್ರಿಫ್ಯೂಗಲ್ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧ ಆದರೆ ಒತ್ತಡ ಕಾಲು. 6500ರಲ್ಲಿ 0.45 ಬಾರ್ ಕೊಡುವಂತೆ ಪುಲ್ಲಿ ಹಾಕಿದರೆ 3500ರಲ್ಲಿ ಸಿಗುವುದು 0.13. ಎರಡನೇ ಗೇರ್ ಬಿದ್ದ ಕೂಡಲೇ ಹಳೆ ಬಲೆನೊ ವಾಪಸ್. ಎಂ45ರಲ್ಲಿ 3500ಕ್ಕೂ ಹೆಚ್ಚುಕಡಿಮೆ ಅಷ್ಟೇ ಒತ್ತಡ ಕಾಯುತ್ತಿರುತ್ತದೆ. ಕಾಲು ಒತ್ತಿದ ತಕ್ಷಣ ಎಳೆಯಬೇಕು ಅಂತ ಇವರೇ ಮೊದಲ ದಿನ ಬರೆದರಲ್ವಾ?

ಗೇರುಗಳು ಹತ್ತಿರ ಹತ್ತಿರ ಇರುವ ಗೇರ್ ಡಬ್ಬಿ, 8000ದವರೆಗೆ ಏರುವ ಇಂಜಿನ್ ಇದ್ದಿದ್ದರೆ ನಾನೂ ರೋಟ್ರೆಕ್ಸ್ ಅನ್ನುತ್ತಿದ್ದೆ. ಅದು ಬಹಳ ಒಳ್ಳೆಯ ವಸ್ತು. ಒಳಗೆ ಹಲ್ಲಿನ ಗೇರ್ ಇಲ್ಲ, ನುಣುಪಾದ ಉರುಳೆಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ಅದಕ್ಕೇ ಅಂತ ಬೇರೆ ಎಣ್ಣೆ ಇದೆ. ಅದರ ಬದಲು ಇಂಜಿನ್ ಆಯಿಲ್ ಹಾಕಿದರೆ ಹಿಡಿತ ತಪ್ಪಿ ಹಾಳಾಗುತ್ತದೆ. ಆ ಎಣ್ಣೆಯನ್ನು ಪ್ರತಿ ಸಲ ತರಿಸಬೇಕು ಅನ್ನುವುದನ್ನೂ ನೆನಪಿಡಿ.

ಠಾಣೆ_ಟ್ಯೂನ್

3500 ಅಂತ ಗೊತ್ತಿರಲಿಲ್ಲ. ಆ ಡಬ್ಬಿಗೆ ಎಂ45 ಸರಿ. ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೆ ಹಾಗಾದರೆ ಇಂಟರ್‌ಕೂಲರ್ ಇಲ್ಲದೆ ಹಾಕಲೇಬಾರದು. ಮುಂಬಂಪರ್ ಹಿಂದೆ ಗಾಳಿಗೆ ಎದುರಾಗಿ ಒಂದು ಸಾಧಾರಣ ಇಂಟರ್‌ಕೂಲರ್ ಇಟ್ಟರೂ ಆ 104 ಡಿಗ್ರಿ 55ರ ಹತ್ತಿರ ಇಳಿಯುತ್ತದೆ. ಅದು ಸಿಗದಿದ್ದರೆ ಬ್ಲೋವರ್ ಕೆಲಸ ನಿಲ್ಲಿಸಿ, ಮೊದಲು ಅದನ್ನು ಹುಡುಕಿ.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಸೇರಿದ್ದು. ಎಥನಾಲ್ ನಾಕಿಂಗ್ ತಡೆಯುತ್ತದೆ, ಆವಿಯಾಗುವಾಗ ತಂಪೂ ಮಾಡುತ್ತದೆ. ಬೂಸ್ಟ್ (ಬ್ಲೋವರ್ ಕೊಡುವ ಹೆಚ್ಚಿನ ಒತ್ತಡ) ಹಾಕುವವರಿಗೆ ಅದು ಒಳ್ಳೆಯದೇ. ಆದರೆ ಅದೇ ಗಾಳಿಗೆ ಜಾಸ್ತಿ ಇಂಧನ ಬೇಕು. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ, ಬರೀ ಎಥನಾಲಿಗೆ 9 ಪಾಲು, ಇ20ಗೆ ಸುಮಾರು 13.5. ಹಳೆ ಪುಸ್ತಕ ನೋಡಿ ಇಂಜೆಕ್ಟರ್ ಸೈಜ್ ತೆಗೆದರೆ ನೂರಕ್ಕೆ ಎಂಟು ಭಾಗ ಕಡಿಮೆ ಬೀಳುತ್ತದೆ. ಬ್ಲೋವರ್ ತಿನ್ನುವ ಪವರ್ ಸೇರಿಸಿ 130ಕ್ಕೆ ಲೆಕ್ಕ ಹಾಕಿದೆ. ಇಂಜೆಕ್ಟರ್ ನೂರಕ್ಕೆ 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಒಂದು ಇಂಜೆಕ್ಟರಿಗೆ ನಿಮಿಷಕ್ಕೆ 260 ಸಿಸಿ ಬರುತ್ತದೆ. 280ರದು ಹಾಕಿ. ಫ್ಯುಯಲ್ ರೆಗ್ಯುಲೇಟರ್‌ನ ಸಣ್ಣ ಪೈಪ್ ಬ್ಲೋವರ್ ಆಚೆಗಿನ ಮ್ಯಾನಿಫೋಲ್ಡಿಗೇ ಸೇರಬೇಕು. ಇಲ್ಲದಿದ್ದರೆ ಬೂಸ್ಟ್ ಏರಿದಷ್ಟೂ ಇಂಜೆಕ್ಟರ್ ಹನಿಸುವುದು ಕಡಿಮೆಯಾಗುತ್ತದೆ.

ಗಾಳಿ-ಇಂಧನದ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲಿ ಓದಿ; ಅಳತೆ ಸರಿ ಇದ್ದರೆ 1, ಇಂಧನ ಜಾಸ್ತಿಯಾದರೆ ಅದಕ್ಕಿಂತ ಕಡಿಮೆ. 12, 13 ಅಂತ ಓದಿದರೆ ಇ20ಯಲ್ಲಿ ಗೊಂದಲ. ಬೂಸ್ಟಿನಲ್ಲಿ 0.80ರಿಂದ 0.82. ಪ್ಲಗ್ ಒಂದು ಹಂತ ಕೋಲ್ಡ್ ಹಾಕಿ, ಗ್ಯಾಪ್ 0.7 ಮಿಲಿಮೀಟರಿಗೆ ಇಳಿಸಿ. ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಅನ್ನು ಆರಂಭಕ್ಕೆ ಒಂದು ಪಿಎಸ್‌ಐಗೆ ಒಂದು ಡಿಗ್ರಿಯಂತೆ ಹಿಂದೆ ಇಡಿ. ಆಮೇಲೆ ಕಿವಿ ಕೊಟ್ಟು ಮುಂದೆ ತನ್ನಿ.

ವಾಸ್ಕೋ_ಘಾಟ್

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಟ್ಯೂನಿಂಗ್ ಮಾತು ಬಂದ ಮೇಲೆ ಹೇಳದೆ ಇರಲಾರೆ. ನನ್ನ ಇಂಜಿನ್ ಒಂದು ಹೋಗಿದೆ. ಇನ್ನೊಬ್ಬರದು ಹೋಗಬಾರದು.

ಜಿಪ್ಸಿ, 1298 ಸಿಸಿ. ಅದಕ್ಕೆ ಎಎಂಆರ್500 ಹಾಕಿಸಿದ್ದೆ. ಕೆಲಸ ಆದದ್ದು ಬೆಳಗಾವಿಯಲ್ಲಿ, ಊರು ಅದೇ. ಗ್ಯಾರೇಜಿನ ಹೆಸರು ಬೇಡ. ಡಿಸೆಂಬರ್ ಬೆಳಗಿನಲ್ಲಿ ಟ್ಯೂನ್ ಮಾಡಿದರು. ಗಾಡಿ ಹಕ್ಕಿ ಹಾರಿದಂತೆ ಹೋಗುತ್ತಿತ್ತು. ಐದು ತಿಂಗಳು ಅಲ್ಲೇ ಓಡಿಸಿದೆ. ಏನೂ ತೊಂದರೆ ಇಲ್ಲ. ಮೇ ತಿಂಗಳಲ್ಲಿ ಚೋರ್ಲಾ ಘಾಟ್ ಇಳಿದು ವಾಸ್ಕೋಗೆ ತಂದೆ.

ಸಾಂಕಳಿ ದಾಟಿದ ಮೇಲೆ ಸಮತಟ್ಟು ರಸ್ತೆ. ಒಂದು ಲಾರಿ ಓವರ್‌ಟೇಕ್ ಮಾಡಲು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಡಬ್ಬಿಯಲ್ಲಿ ಹುಣಸೆ ಬೀಜ ಅಲ್ಲಾಡಿಸಿದ ಹಾಗೆ ಸದ್ದು ಬಂತು, ಎರಡು ಸೆಕೆಂಡ್ ಇರಬಹುದು. ಆಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಬಿಚ್ಚಿ ನೋಡಿದರೆ ಮೂರನೇ ಪಿಸ್ಟನ್‌ನಲ್ಲಿ ಮೇಲಿನ ಎರಡು ರಿಂಗುಗಳ ನಡುವಿನ ಅಂಚು ಮುರಿದಿತ್ತು. ಬೋರಿನಲ್ಲಿ ಉದ್ದಕ್ಕೆ ಗೀರು.

ಕಾರಣ ಆಮೇಲೆ ಗೊತ್ತಾಯಿತು. ಬೆಳಗಾವಿ ಸಮುದ್ರ ಮಟ್ಟದಿಂದ 750 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ಗಾಳಿಯೇ 0.93 ಬಾರ್. ಬ್ಲೋವರ್ ಅದನ್ನು 1.45 ಪಟ್ಟು ಮಾಡಿದರೆ ಇಂಜಿನ್ ಒಳಗೆ 1.34 ಬಾರ್. ಇಸಿಯುನಲ್ಲಿ (ಇಂಜಿನ್ ನಡೆಸುವ ಕಂಪ್ಯೂಟರ್) ಮ್ಯಾಪನ್ನು, ಅಂದರೆ ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್, ಎಷ್ಟು ಟೈಮಿಂಗ್ ಅನ್ನುವ ಪಟ್ಟಿಯನ್ನು, 1.4ರವರೆಗೆ ಮಾತ್ರ ತುಂಬಿದ್ದರು. ಗೋವಾದಲ್ಲಿ ಹೊರಗಿನ ಗಾಳಿ 1.01. ಅದೇ ಬ್ಲೋವರ್, ಅದೇ ಪುಲ್ಲಿ, ಒಳಗೆ 1.47. ಮ್ಯಾಪ್ ಅಲ್ಲಿಗೆ ಮುಗಿದಿತ್ತು. ಗಾಳಿ ಏರಿತು, ಪೆಟ್ರೋಲ್ ಏರಲಿಲ್ಲ, ಟೈಮಿಂಗೂ ಹಿಂದೆ ಬರಲಿಲ್ಲ. ಜೊತೆಗೆ ಮೇ ತಿಂಗಳ ಬಿಸಿಲು.

ಪುಣೆ 560 ಮೀಟರ್. ನಿಮಗೂ ಇದೇ ಕಥೆ. ನೀವು ಖಂಡಾಳ ಘಾಟ್ ಇಳಿದು ಮುಂಬೈ ಕಡೆ ಹೋದರೆ ನೂರಕ್ಕೆ ಐದಾರು ಭಾಗ ಗಾಳಿ ಜಾಸ್ತಿ. ಟ್ಯೂನ್ ಮಾಡುವವರಿಗೆ ಮೊದಲೇ ಹೇಳಿ: ಮ್ಯಾಪಿನ ಮೇಲಿನ ಸಾಲುಗಳನ್ನು ಖಾಲಿ ಬಿಡಬೇಡಿ. ನಾವು ಅಲ್ಲಿಗೆ ಹೋಗುವುದಿಲ್ಲ ಅಂತ ಇವತ್ತು ಅನ್ನಿಸಬಹುದು. ಗಾಡಿ ಇಪ್ಪತ್ತು ವರ್ಷ ಇರುತ್ತದೆ. ಒಂದು ದಿನ ಹೋಗುತ್ತದೆ.

ಠಾಣೆ_ಟ್ಯೂನ್

ಈ ಮಾತಿಗೆ ಕೈ ಮುಗಿಯುತ್ತೇನೆ. ಇನ್ನೊಂದು ಸೇರಿಸುತ್ತೇನೆ. ಮ್ಯಾನಿಫೋಲ್ಡಿನ ಒತ್ತಡ ಓದುವ ಮ್ಯಾಪ್ ಸೆನ್ಸರ್ (ಮೇಲೆ ಹೇಳಿದ ಮ್ಯಾಪ್ ಬೇರೆ) ಇರುವ ಹಳೆ ಗಾಡಿಗಳಲ್ಲಿ ಅದು ವಾತಾವರಣದ ಒತ್ತಡದವರೆಗೆ ಓದಿದರೆ ಮುಗಿಯಿತು. ಬೂಸ್ಟ್ ಬಂದರೆ ಅದಕ್ಕೆ ಕಾಣುವುದೇ ಇಲ್ಲ. 2.5 ಬಾರಿನದು ಹಾಕಿ. ಹೊರಗಿನ ಗಾಳಿಗೆ ಬೇರೆ ಸೆನ್ಸರ್ ಇರುವ ಇಸಿಯು ತೆಗೆದುಕೊಳ್ಳಿ. ಇಂಟೇಕ್ ಬಿಸಿ ಓದುವ ಸೆನ್ಸರ್ ಇಂಟರ್‌ಕೂಲರ್ ಆಚೆ ಕೂರಬೇಕು. ಏರ್ ಫಿಲ್ಟರ್ ಹತ್ತಿರ ಬಿಟ್ಟರೆ ಅದು 35 ಅಂತಲೇ ಹೇಳುತ್ತಾ ಇರುತ್ತದೆ.

ಭೋಸರಿ_ಟರ್ನರ್

ನೋಡ್ರಿ, ಎಲ್ಲರೂ ಗಾಳಿ ಬಗ್ಗೆ ಮಾತಾಡಿದರು. ಬೆಲ್ಟ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ವಿಜಯಪುರದವನು, ಭೋಸರಿ ಎಂಐಡಿಸಿಯಲ್ಲಿ ಸಣ್ಣ ಲೇತ್ ಶಾಪ್ ಇದೆ. ಬ್ಲೋವರ್ ಕೆಲಸ ನಮಗೆ ಹೊಸದಲ್ಲ. ದೊಡ್ಡ ಸೊಸೈಟಿಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ) ರೂಮಿನಲ್ಲಿ ಭರ್ ಅಂತ ಸದ್ದು ಬರುತ್ತದಲ್ಲ, ಅಲ್ಲಿರುವ ಟ್ವಿನ್ ಲೋಬ್ ಬ್ಲೋವರ್ ಇದೇ ರೂಟ್ಸ್ ಜಾತಿ. ಅಮೆರಿಕದ ರೂಟ್ಸ್ ಅಣ್ಣ ತಮ್ಮ 1860ರಲ್ಲಿ ಇದರ ಪೇಟೆಂಟ್ ತೆಗೆದದ್ದು. ಆಗ ಕಾರೇ ಇರಲಿಲ್ಲ. ಕುಲುಮೆಗೆ ಗಾಳಿ ಊದುವ ಕೆಲಸಕ್ಕೆ ಬಳಸುತ್ತಿದ್ದರು. ವಾರಕ್ಕೊಂದು ಬ್ಲೋವರ್ ರಿಪೇರಿಗೆ ಬರುತ್ತದೆ. ಹತ್ತರಲ್ಲಿ ಏಳು ಬರುವುದು ಬೆಲ್ಟ್ ಸಾಲು ತಪ್ಪಿ ಬೇರಿಂಗ್ ಹೋಗಿ.

ನಿಮ್ಮದರಲ್ಲಿ 6ಪಿಕೆ ಬೆಲ್ಟ್ ಸಾಕು. ಪಿಕೆ ಅಂದರೆ ಒಂದು ಗೆರೆಯಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್, ಗೆರೆಯ ಕೋನ 40 ಡಿಗ್ರಿ. ಟೂಲ್ ಅದಕ್ಕೆ ಸರಿಯಾಗಿ ರುಬ್ಬಿ ಹಾಕಬೇಕು. ಅಂದಾಜಿಗೆ ಹೊಡೆದರೆ ಬೆಲ್ಟ್ ತುದಿಯಲ್ಲಿ ಮಾತ್ರ ಕೂರುತ್ತದೆ. ಕ್ರ್ಯಾಂಕಿಗೆ 120, ಬ್ಲೋವರಿಗೆ 80 ಮಿಲಿಮೀಟರ್ ಹಾಕಿದರೆ 1.5 ಆಯಿತು. 6500ರಲ್ಲಿ ಬೆಲ್ಟ್ ಸೆಕೆಂಡಿಗೆ 41 ಮೀಟರ್ ಓಡುತ್ತದೆ. ಎಳೆತ 17 ಕಿಲೋ ತೂಕದಷ್ಟು. ಕೇಳಲು ಕಡಿಮೆ. ಆದರೆ ಗೇರ್ ಬದಲಿಸುವಾಗ ಇಂಜಿನ್ ಒಮ್ಮೆಲೇ ಇಳಿಯುತ್ತದೆ, ಒಳಗೆ ತಿರುಗುವ ರೋಟರ್ ಇಳಿಯಲು ಒಪ್ಪುವುದಿಲ್ಲ. ಬೆಲ್ಟ್ ಜಾರುವುದು, ಹಾರುವುದು ಆಗ.

ಬ್ಲೋವರ್ ಪುಲ್ಲಿಯ ಅರ್ಧ ಸುತ್ತಾದರೂ ಬೆಲ್ಟ್ ತಬ್ಬಿಕೊಂಡಿರಬೇಕು. ಅದಕ್ಕೆ ಐಡ್ಲರ್ (ಬೆಲ್ಟನ್ನು ಒತ್ತಿ ಹಿಡಿಯುವ ಸಣ್ಣ ಪುಲ್ಲಿ) ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಸಡಿಲ ಆಗುವ ಕಡೆ ಇಡಿ, ಎಳೆಯುವ ಕಡೆ ಬೇಡ. ಸಾಲು ಒಂದು ಮಿಲಿಮೀಟರಿಗಿಂತ ಜಾಸ್ತಿ ತಪ್ಪಬಾರದು. ಬ್ರ್ಯಾಕೆಟ್ ತೆಳು ಪಟ್ಟಿಯಲ್ಲಿ ಮಾಡಿದರೆ ಗ್ಯಾರೇಜಿನಲ್ಲಿ ಅಳೆದಾಗ ಸರಿ ಇರುತ್ತದೆ, ಎಳೆತ ಬಿದ್ದಾಗ ಬಾಗುತ್ತದೆ. 12 ಮಿಲಿಮೀಟರ್ ಪ್ಲೇಟ್ ಹಾಕಿ, ಮೂರು ಜಾಗದಲ್ಲಿ ಬ್ಲಾಕಿಗೇ ಬೋಲ್ಟ್ ಮಾಡಿ. ಇಂಜಿನ್ ಫೌಂಡೇಶನ್ ರಬ್ಬರ್ ಮೇಲೆ ಅಲ್ಲಾಡುತ್ತದೆ. ಆದ್ದರಿಂದ ಬ್ಲೋವರನ್ನು ಚಾಸಿಗೆ ಕಟ್ಟಲೇಬಾರದು. ಇದನ್ನು ಮಾಡಿದವರನ್ನು ನೋಡಿದ್ದೇನೆ, ಅದಕ್ಕೇ ಬರೆದೆ.

ಕ್ರ್ಯಾಂಕ್ ಪುಲ್ಲಿಯ ಒಳಗೆ ರಬ್ಬರ್ ಸುತ್ತು ಇದ್ದರೆ ಅದನ್ನು ಕಳಚಿ ಎಸೆಯಬೇಡಿ. ಕ್ರ್ಯಾಂಕಿನ ನಡುಕ ಹೀರುವುದು ಅದೇ. ಅದರ ಮುಂದೆ ಹೊಸ ಪುಲ್ಲಿಯನ್ನು ಬೋಲ್ಟ್ ಮಾಡೋಣ.

ಕೋಥ್ರುಡ್_ಓದುಗ

ಕಾನೂನು ಕೂಡ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಬ್ಲೋವರ್ ಹಾಕಿದ ಗಾಡಿಯನ್ನು ರಸ್ತೆಗೆ ಇಳಿಸಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸಿನವರ ಹತ್ತಿರ ಉತ್ತರ ಇರುವುದಿಲ್ಲ. ಆಂಬಿ ವ್ಯಾಲಿಗೆ ಟ್ರೇಲರಿನಲ್ಲಿ ಒಯ್ಯಿರಿ.

ಪಿಂಪ್ರಿ_ಬಲೆನೊ

ಟ್ರೇಲರಿನಲ್ಲೇ ಸರ್. ಅದು ಮೊದಲೇ ನಿರ್ಧಾರ ಆಗಿತ್ತು. ವಾಸ್ಕೋ ಅಣ್ಣಾ, ನಿಮ್ಮ ಜಿಪ್ಸಿ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಹೇಳಿದ್ದಕ್ಕೆ ತುಂಬಾ ಉಪಕಾರ.

ಈ ಶನಿವಾರ ಕುರ್ಲಾಗೆ ಹೋಗುತ್ತಿದ್ದೇನೆ. ಎಂ45 ನೋಡುವಾಗ ಏನೇನು ನೋಡಲಿ?

ಕುರ್ಲಾ_ಸ್ಪೇರ್

ಪುಲ್ಲಿಯನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಒಳಗಿನ ಕಪ್ಲರ್ ಹೋಗಿದೆ. ಅದು ಚಿಕ್ಕ ರಿಪೇರಿ, ಹೆದರಬೇಡಿ. ಬಾಯಿಯೊಳಗೆ ಟಾರ್ಚ್ ಬಿಟ್ಟು ರೋಟರ್ ನೋಡಿ. ಮೇಲಿನ ಕಪ್ಪು ಲೇಪ ಅಲ್ಲಲ್ಲಿ ಮಾಸಿದ್ದರೆ ಪರವಾಗಿಲ್ಲ. ಅಲ್ಯೂಮಿನಿಯಮ್ ಹೊಳೆದು ಗೋಡೆಯಲ್ಲಿ ಗೀರು ಇದ್ದರೆ ರೋಟರ್ ತಾಗಿದೆ ಅಂತ ಅರ್ಥ, ಬಿಟ್ಟು ಬನ್ನಿ. ಮುಂದಿನ ಮೂತಿಯಲ್ಲಿ ಸ್ವಂತ ಎಣ್ಣೆ ಇರುತ್ತದೆ. ಸ್ಕ್ರೂ ಬಿಚ್ಚಿ ಬೆರಳಿಗೆ ಹಚ್ಚಿಕೊಳ್ಳಿ. ಲೋಹದ ಪುಡಿ ಮಿನುಗಿದರೆ ಗೇರ್ ಸವೆದಿದೆ. ಬೈಪಾಸ್ ಕವಾಟ ಮತ್ತು ಅದರ ವ್ಯಾಕ್ಯೂಮ್ ಡಬ್ಬಿ ಜೊತೆಗೇ ಕೇಳಿ ತೆಗೆದುಕೊಳ್ಳಿ. ಆಮೇಲೆ ಬೇರೆ ಸಿಗುವುದಿಲ್ಲ.

ಚೆಂಬೂರ್_ಇಂಜಿನ್

ಬೈಪಾಸ್ ಬಹಳ ಮುಖ್ಯ. ಕಾಲು ತೆಗೆದು ಆರಾಮಾಗಿ ಓಡಿಸುವಾಗ ಬ್ಲೋವರ್ ಗಾಳಿಯನ್ನು ತನ್ನ ಸುತ್ತಲೇ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಯಾವಾಗಲೂ ಅದುಮುತ್ತಾ ಯಾವಾಗಲೂ ಬಿಸಿಯಾಗುತ್ತಿರುತ್ತದೆ. ಥ್ರಾಟಲ್ ಬ್ಲೋವರ್‌ಗೆ ಮೊದಲು ಇರಲಿ.

ಪಿಂಪ್ರಿ_ಬಲೆನೊ

ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಎಂ45 ಸಿಕ್ಕಿತು, ಕಾಂಪ್ರೆಸರ್ ಗಾಡಿಯದೇ. ಕಪ್ಲರ್ ಬದಲಿಸಿದೆ. ಭೋಸರಿ ಅಣ್ಣ ಎರಡು ಕ್ರ್ಯಾಂಕ್ ಪುಲ್ಲಿ ಮಾಡಿಕೊಟ್ಟರು, 104 ಮತ್ತು 120. ಮೊದಲು ಚಿಕ್ಕದನ್ನೇ ಹಾಕಿದ್ದೇನೆ. ಹೊಸ ರಿಂಗ್ ಕೂತುಕೊಳ್ಳಲಿ ಅಂತ ಮೊದಲು ಬ್ಲೋವರ್ ಬೆಲ್ಟ್ ಹಾಕದೇ, ಬೈಪಾಸ್ ತೆರೆದಿಟ್ಟು ಓಡಿಸಿದೆ. ಆಮೇಲೆ ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಟ್ಯೂನ್ ಆಯಿತು. ಬ್ಲೋವರ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ ದುಡ್ಡು ಇಸಿಯು, ಇಂಜೆಕ್ಟರ್, ಇಂಟರ್‌ಕೂಲರಿಗೆ ಹೋಯಿತು. ಈಗ ನೋಡಿದರೆ ಅದೇ ಸರಿ ಅನ್ನಿಸುತ್ತದೆ.

ಈಗ ಬರುತ್ತಿರುವ ಬೂಸ್ಟ್ 0.2 ಬಾರ್. ಹೊರಗೆ 28 ಡಿಗ್ರಿ ಇದ್ದಾಗ ಬ್ಲೋವರ್ ಬಾಯಲ್ಲಿ 62, ಇಂಟರ್‌ಕೂಲರ್ ದಾಟಿದ ಮೇಲೆ 41. ಲ್ಯಾಂಬ್ಡಾ 0.81ರಲ್ಲಿ ನಿಂತಿದೆ. ಮ್ಯಾಪನ್ನು 1.6 ಬಾರಿನವರೆಗೆ ತುಂಬಿಸಿದ್ದೇನೆ, ಗಾಡಿ ಪುಣೆ ಬಿಟ್ಟು ಎಲ್ಲೂ ಹೋಗದಿದ್ದರೂ. ಎರಡನೇ ಗೇರ್ ಬಿದ್ದ ಕೂಡಲೇ ಅದು ಎಳೆಯುವ ರೀತಿ ಅಪ್ಪ ನೋಡಬೇಕಿತ್ತು.

ಒಂದು ಅನುಮಾನ. 5800ರ ಮೇಲೆ ಬೂಸ್ಟ್ 0.2ರಿಂದ 0.16ಕ್ಕೆ ಇಳಿಯುತ್ತದೆ. ಇಂಜಿನ್ ಬೇ ಒಳಗೆ ಪುಲ್ಲಿ ಹತ್ತಿರ ಕಪ್ಪು ಪುಡಿ ಬಿದ್ದಿದೆ.

ಭೋಸರಿ_ಟರ್ನರ್

ಬೆಲ್ಟ್ ಜಾರುತ್ತಿದೆ. ಅನುಮಾನವೇ ಬೇಡ. ಐಡ್ಲರನ್ನು 15 ಮಿಲಿಮೀಟರ್ ಒಳಗೆ ತಂದರೆ ತಬ್ಬಿಕೊಳ್ಳುವುದು ಜಾಸ್ತಿ ಆಗುತ್ತದೆ. 120ರ ಪುಲ್ಲಿ ಅದಾದ ಮೇಲೆ. ಭಾನುವಾರ ಶಾಪ್ ಖಾಲಿ ಇರುತ್ತದೆ, ಬ್ರ್ಯಾಕೆಟ್ ಬಿಚ್ಚಿಕೊಂಡು ಬನ್ನಿ. ಹಳೆ ಬೆಲ್ಟೂ ತನ್ನಿ, ಅಂಚು ನೋಡಬೇಕು.